ರೇಸಿಂಗ್ ಪೆಟ್ರೋಲಿಗೆ ಮಾರುತಿ 800ರ ಟೈಮಿಂಗ್ ಹೊಂದಿಸಿದ ದಾಖಲೆ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿರುವ ಗೆಳೆಯನ ಶೆಡ್ಡಿನಲ್ಲಿ ಒಂದು ಮೂಲೆ ನನ್ನದು. ಕಳೆದ ಮಳೆಗಾಲದಿಂದ ಅಲ್ಲಿ ನಿಂತಿರುವುದು ಕಾರ್ಬ್ಯುರೇಟರ್ ಕಾಲದ ಒಂದು ಮಾರುತಿ 800. ಮಣ್ಣಿನ ಟ್ರ್ಯಾಕಿನ ಆಟೋಕ್ರಾಸ್‌ಗೆ ಅದನ್ನು ಸಿದ್ಧಪಡಿಸುವ ಕೆಲಸದಲ್ಲಿ ಸಸ್ಪೆನ್ಷನ್, ರೋಲ್ ಕೇಜ್, ಸೀಟು ಎಲ್ಲವೂ ಮುಗಿದು ಕೊನೆಗೆ ಉಳಿದದ್ದು ಎಂಜಿನ್, ಎಂಜಿನ್ನಿನಲ್ಲಿಯೂ ಕೊನೆಗೆ ಉಳಿದದ್ದು ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂಬ ಹೊಂದಾಣಿಕೆ. ಅರ್ಧ ದಿನದ ಕೆಲಸವೆಂದು ನಾನು ಎಣಿಸಿದ್ದ ಇದು ಮೂರು ಭಾನುವಾರಗಳನ್ನು ನುಂಗಿತು. ಅವುಗಳಲ್ಲಿ ಒಂದು ಪೂರ್ತಿಯಾಗಿ ನನ್ನ ಅವಸರದಿಂದಲೇ ಹಾಳಾಯಿತು. ಆದುದರಿಂದ ಆದದ್ದನ್ನು ಆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಎಂಜಿನ್ ಎಲ್ಲರಿಗೂ ಗೊತ್ತಿರುವ ಮೂರು ಸಿಲಿಂಡರಿನ ಎಫ್8ಬಿ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 68.5 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 72 ಮಿ.ಮೀ.; ಒಟ್ಟು 796 ಸಿಸಿ. ಅಂದರೆ ಒಂದು ಸಿಲಿಂಡರಿಗೆ ಸುಮಾರು 265 ಸಿಸಿ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದಾಗ, ಪೆಟ್ರೋಲ್-ಗಾಳಿಯ ಮಿಶ್ರಣ ಉರಿಯುವ ಗುಳಿಯಾದ ಕಂಬಷನ್ ಚೇಂಬರಿನ ಮೇಲೆ ಅಕ್ರಿಲಿಕ್ ತಗಡನ್ನು ಗ್ರೀಸಿನಿಂದ ಅಂಟಿಸಿ, ಅದರ ರಂಧ್ರದ ಮೂಲಕ ಔಷಧದ ಸಿರಿಂಜಿನಿಂದ ಎಣ್ಣೆ ತುಂಬಿ ಅಳೆದೆ. ಗ್ಯಾಸ್ಕೆಟ್ಟಿನ ಜಾಗವನ್ನೂ ಸೇರಿಸಿದರೆ 34.4 ಸಿಸಿ ಬಂತು. ಕಂಪ್ರೆಷನ್ ಅನುಪಾತ, ಅಂದರೆ ಮಿಶ್ರಣ ಎಷ್ಟು ಪಟ್ಟು ಅದುಮಲ್ಪಡುತ್ತದೆ ಎಂಬ ಲೆಕ್ಕ, 8.7 ಆಯಿತು. ಹೆಡ್ ಫೇಸಿಂಗ್‌ನಲ್ಲಿ ಹೆಡ್ಡಿನ ತಳವನ್ನು ಅರೆಸಿ ಸುಮಾರು 1.2 ಮಿ.ಮೀ. ತೆಗೆಸಿದ ಮೇಲೆ ಅದೇ ಅಳತೆ 30.6 ಸಿಸಿಗೆ ಇಳಿಯಿತು, ಅನುಪಾತ 9.7ರ ಹತ್ತಿರಕ್ಕೆ ಏರಿತು. ವಾಲ್ವ್ ಪಿಸ್ಟನ್ನಿಗೆ ತಾಗುವುದಿಲ್ಲವೆಂಬುದನ್ನು ಮಕ್ಕಳ ಆಟದ ಮೇಣವನ್ನು ಪಿಸ್ಟನ್ ತಲೆಯ ಮೇಲಿಟ್ಟು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಮೇಣ ಎಷ್ಟು ತೆಳುವಾಯಿತೆಂದು ಕತ್ತರಿಸಿ ನೋಡಿ ಖಚಿತಪಡಿಸಿಕೊಂಡೆವು.

ಹೆಡ್ ಫೇಸಿಂಗ್ ಮಾಡಿಸುವವರಲ್ಲಿ ಹಲವರು ಮರೆಯುವ ಸಂಗತಿಯೊಂದು ಇಲ್ಲಿದೆ. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇರುವುದು ಹೆಡ್ಡಿನ ಮೇಲೆ. ಹೆಡ್ ಕೆಳಗಿಳಿದಷ್ಟೂ ಕ್ಯಾಮ್ ಪುಲ್ಲಿ, ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ಕ್ರ್ಯಾಂಕಿನ ಹತ್ತಿರ ಬರುತ್ತದೆ. ಟೈಮಿಂಗ್ ಬೆಲ್ಟಿನ ಎಳೆಯುವ ಬದಿಯಲ್ಲಿ ಅಷ್ಟು ಸಡಿಲು ಹುಟ್ಟಿ, ಅದನ್ನು ಎಳೆದುಕೊಳ್ಳುವವರೆಗೆ ಕ್ರ್ಯಾಂಕ್ ಮುಂದೆ ಹೋಗಿ ಕ್ಯಾಮ್ ಹಿಂದೆ ಬೀಳುತ್ತದೆ. ನಾವು ತೆಗೆಸಿದ 1.2 ಮಿ.ಮೀ.ಗೆ ಇದು ಕ್ರ್ಯಾಂಕಿನ ಲೆಕ್ಕದಲ್ಲಿ ಎರಡೂವರೆಯಿಂದ ಮೂರು ಡಿಗ್ರಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವುದೂ ಕ್ಯಾಮಿನ ತುದಿಯಿಂದಲೇ ಆದ್ದರಿಂದ ಕಿಡಿಯೂ ಅಷ್ಟೇ ತಡವಾಗುತ್ತದೆ. ಹೀಗಾಗಿ ಬಿಚ್ಚುವ ಮೊದಲು ಡಿಸ್ಟ್ರಿಬ್ಯೂಟರಿನ ಕಾಲರಿಗೆ ನಾನು ಗೀಚಿಟ್ಟಿದ್ದ ಗುರುತು ಮತ್ತೆ ಜೋಡಿಸಿದಾಗ ಯಾವ ಕೆಲಸಕ್ಕೂ ಬರಲಿಲ್ಲ.

ಇಂಧನದ ಮಾತಿಗೆ ಬರುತ್ತೇನೆ. ಸುರತ್ಕಲ್ ಕಡೆಯಿಂದ ರಾತ್ರಿ ನೋಡಿದರೆ ಎಂಆರ್‌ಪಿಎಲ್ ಸಂಸ್ಕರಣಾಗಾರದ ಜ್ವಾಲೆ ಕಾಣುತ್ತದೆ. ಅಂಥ ಊರಿನಲ್ಲಿ ಕುಳಿತು ನಾನು 100 ಆಕ್ಟೇನ್ ಪೆಟ್ರೋಲನ್ನು 20 ಲೀಟರಿನ ಲೋಹದ ಕ್ಯಾನಿನಲ್ಲಿ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿಸಿ ತಂದೆ. ಆಕ್ಟೇನ್ ಅಂಕಿ ಶಕ್ತಿಯ ಅಂಕಿಯಲ್ಲ. ಐಸೊಆಕ್ಟೇನ್ ಎಂಬ ದ್ರವಕ್ಕೆ 100, ನಾರ್ಮಲ್ ಹೆಪ್ಟೇನಿಗೆ ಸೊನ್ನೆ ಎಂದಿಟ್ಟುಕೊಂಡು, ಒತ್ತಡಕ್ಕೂ ಬಿಸಿಗೂ ಸಿಕ್ಕಿದ ಇಂಧನ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನು ಅಳೆಯುವ ಅಂಕಿ ಅದು. ಈಗ ಪಂಪುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಕೂಡ ಎಥನಾಲಿನ ಬಲದಿಂದ 95ರ ಆಸುಪಾಸಿನಲ್ಲಿದೆ. ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ ರೂಪುಗೊಂಡ ಈ ಎಂಜಿನ್ನಿನ ಮೂಲ ಅನುಪಾತಕ್ಕೆ ಅದೇ ಧಾರಾಳವಾಯಿತು. 100 ಆಕ್ಟೇನ್ ಸುರಿದ ಮಾತ್ರಕ್ಕೆ ಕಾರು ಇನ್ನೂ ಜೋರಾಗಿ ಓಡುತ್ತದೆ ಎನ್ನುವವರೊಡನೆ ನಾನು ವಾದ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಆ ಇಂಧನ ಕೊಡುವುದು ಅವಕಾಶವನ್ನು: ಅನುಪಾತ ಏರಿಸುವ ಅವಕಾಶ, ಮತ್ತು ಎಂಜಿನ್ ನಿಜವಾಗಿ ಬಯಸುವ ಜಾಗದವರೆಗೆ ಕಿಡಿಯನ್ನು ಮುಂಚಿತಗೊಳಿಸುವ ಅವಕಾಶ.

ಆ ಜಾಗ ಯಾವುದೆಂಬುದೇ ಪ್ರಶ್ನೆ. ಪಿಸ್ಟನ್ ತುದಿ ಮುಟ್ಟಿ ಕೆಳಗಿಳಿಯತೊಡಗಿದ ಮೇಲೆ, ಸುಮಾರು 15 ಡಿಗ್ರಿಯ ಹೊತ್ತಿಗೆ ಸಿಲಿಂಡರಿನೊಳಗಿನ ಒತ್ತಡ ಶಿಖರಕ್ಕೇರಿದರೆ ಕ್ರ್ಯಾಂಕಿಗೆ ಹೆಚ್ಚು ಎಳೆತ ಸಿಗುತ್ತದೆ. ಮಿಶ್ರಣ ಒಮ್ಮೆಲೇ ಸಿಡಿಯುವುದಿಲ್ಲ, ಉರಿಯುತ್ತಾ ಹರಡುತ್ತದೆ. ಅದಕ್ಕೆ ಸಮಯ ಬೇಕು. 6,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಹಿಡಿಯುವುದು 10 ಮಿಲಿಸೆಕೆಂಡ್, ಅಂದರೆ ಒಂದೇ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 36 ಡಿಗ್ರಿ ತಿರುಗಿರುತ್ತದೆ. 900 ಆರ್‌ಪಿಎಂನ ಐಡ್ಲಿಂಗಿನಲ್ಲಿ ಅದೇ ಮಿಲಿಸೆಕೆಂಡಿಗೆ ಐದೂವರೆ ಡಿಗ್ರಿ ಮಾತ್ರ. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತವಾಗಿ ಕೊಡಬೇಕಾದದ್ದು ಇದಕ್ಕೇ. ಹೀಗೆ ಮುಂಚಿತವಾಗಿಸುವುದೇ ಅಡ್ವಾನ್ಸ್. ಆದರೆ ಅತಿಯಾಗಿ ಮುಂಚಿತವಾದರೆ, ಮೇಲೇರುತ್ತಿರುವ ಪಿಸ್ಟನ್ನಿಗೆ ಉರಿಯುವ ಅನಿಲ ಎದುರು ನಿಲ್ಲುತ್ತದೆ. ಜ್ವಾಲೆ ಇನ್ನೂ ತಲುಪದ ಮೂಲೆಯ ಮಿಶ್ರಣ ಒತ್ತಡಕ್ಕೆ ಸಿಕ್ಕಿ ತಾನಾಗಿಯೇ ಹೊತ್ತಿಕೊಂಡು ಸಿಲಿಂಡರಿನ ಗೋಡೆಗೆ ಬಡಿಯುತ್ತದೆ. ಅದೇ ನಾಕಿಂಗ್. ಗಾಜಿನ ಬಾಟಲಿಯಲ್ಲಿ ಸಣ್ಣ ಕಲ್ಲು ಕುಲುಕಿದಂಥ ಸದ್ದು.

ಮೊದಲ ಭಾನುವಾರ ಎಂಜಿನ್ ಕೂರಿಸಿ, ಕ್ರ್ಯಾಂಕ್ ಪುಲ್ಲಿಯ ಕಚ್ಚನ್ನು ಟೈಮಿಂಗ್ ಕವರಿನ ಅಳತೆಗೆರೆಗಳಿಗೆ ಹಿಡಿದು, ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ವೈರಿಗೆ ಸಿಕ್ಕಿಸಿ, ಪಿಸ್ಟನ್ ತುದಿ ಮುಟ್ಟುವುದಕ್ಕಿಂತ ಐಡ್ಲಿಂಗಿನಲ್ಲಿ 10, ಮೇಲಿನ ವೇಗದಲ್ಲಿ ಒಟ್ಟು 32 ಡಿಗ್ರಿ ಮುಂಚೆ ಕಿಡಿ ಬರುವಂತೆ ಇಟ್ಟೆ. ಪಂಪಿನ ಪೆಟ್ರೋಲಿನಲ್ಲಿ ಓಡಿಸಿದಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಆ ಕಲ್ಲು ಕುಲುಕುವ ಸದ್ದು ಸ್ಪಷ್ಟವಾಗಿ ಕೇಳಿತು. ಕಂಪ್ರೆಷನ್ ಏರಿಸಿದ ಫಲವೆಂದು ನನಗೆ ನಾನೇ ಹೇಳಿಕೊಂಡು, ಟ್ಯಾಂಕ್ ಬರಿದು ಮಾಡಿ 100 ಆಕ್ಟೇನ್ ಹಾಕಿದೆ. ಸದ್ದು ನಿಂತಿತು. ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ರೇಸಿಂಗ್ ಪೆಟ್ರೋಲ್ ಹಾಕಿದ ಮೇಲೆ ಟೈಮಿಂಗ್ ಏರಿಸದಿದ್ದರೆ ಹೇಗೆ ಎಂಬ ಆಸೆಯಿಂದ ಒಟ್ಟು 36ಕ್ಕೆ ಒಯ್ದೆ. ಸೈಲೆನ್ಸರಿನ ಅಬ್ಬರದಲ್ಲಿ, ತಲೆಯಲ್ಲಿ ಹೆಲ್ಮೆಟ್ ಇದ್ದಾಗ, ಏನೂ ಕೇಳಲಿಲ್ಲ. ಕೇಳದ್ದನ್ನೇ ಒಳ್ಳೆಯ ಸುದ್ದಿಯೆಂದು ತಿಳಿದೆ. ಕಾರು ಮಾತ್ರ ಮೊದಲಿಗಿಂತ ಮಂಕಾಗಿತ್ತು, ಟೆಂಪರೇಚರ್ ಮುಳ್ಳು ಎಂದಿಗಿಂತ ಬೇಗ ಏರುತ್ತಿತ್ತು.

ಸಂಜೆ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ನಡುವಿನ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳು, ಅವುಗಳ ನಡುವೆ ಬೆಳಕಿಗೆ ಮಿನುಗುವ ಎರಡು ಮೂರು ಕಣಗಳು ಇದ್ದವು. ಮಿನುಗುವುದು ಅಲ್ಯುಮಿನಿಯಂ, ಅದು ಬರುವುದು ಹೆಚ್ಚಾಗಿ ಪಿಸ್ಟನ್ನಿನಿಂದ. ಒಳಗೆ ಬಡಿತ ನಡೆದೇ ಇತ್ತು, ನನ್ನ ಕಿವಿಗೆ ತಲುಪಿರಲಿಲ್ಲ.

ಮಲ್ಪೆ ಬಂದರಿನಲ್ಲಿ ಮೀನುಗಾರಿಕಾ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡ ಮಿಸ್ತ್ರಿಯೊಬ್ಬರು ಆಗಾಗ ಶೆಡ್ಡಿಗೆ ಬರುತ್ತಾರೆ. ಉದ್ದದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಬೇರಿಂಗಿನ ಆರೋಗ್ಯ ಹೇಳುವವರು ಅವರು. ಕಿವಿಯ ಪರವಾಗಿ ಮಾತಾಡುವರೆಂದು ನಾನೆಣಿಸಿದ್ದೆ. ಪ್ಲಗ್ಗನ್ನು ತಿರುಗಿಸಿ ನೋಡಿ ಅವರು ಕೇಳಿದ್ದು ಒಂದೇ: "ಸೊನ್ನೆ ಎಲ್ಲಿದೆ ಅಂತ ನೋಡಿದ್ದೀರಾ ಮಾರಾಯ್ರೇ?" ನಾನು ನೋಡಿರಲಿಲ್ಲ. ಹಳೆಯ ಟೈಮಿಂಗ್ ಕವರ್ ಒಡೆದಿದ್ದುದರಿಂದ ಹಳೆಯ ಬಿಡಿಭಾಗಗಳ ಅಂಗಡಿಯಿಂದ ತಂದ ಮತ್ತೊಂದನ್ನು ಹಾಕಿದ್ದೆ. ಬೋಲ್ಟಿನ ತೂತುಗಳು ಕೂಡಿದವು, ಗೆರೆಗಳೂ ಇದ್ದವು, ಆದ್ದರಿಂದ ನಂಬಿದ್ದೆ.

ಎರಡನೇ ಭಾನುವಾರ ಪೂರ್ತಿ ಸೊನ್ನೆಯನ್ನು ಹುಡುಕಲು ಹೋಯಿತು. ಪಿಸ್ಟನ್ ತುದಿಯಲ್ಲಿರುವ ಕ್ಷಣವನ್ನು, ಅಂದರೆ ಟಿಡಿಸಿಯನ್ನು, ಡಯಲ್ ಗೇಜಿನಿಂದ ನೇರವಾಗಿ ಹಿಡಿಯಲು ಹೊರಟರೆ ಮೋಸ ಹೋಗುತ್ತೇವೆ. ತುದಿಯ ಹತ್ತಿರ ಪಿಸ್ಟನ್ ನಿಂತಂತೆಯೇ ಇರುತ್ತದೆ. 72 ಮಿ.ಮೀ. ಸ್ಟ್ರೋಕಿನ ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ಸರಿದಾಗ ಪಿಸ್ಟನ್ ಇಳಿಯುವುದು ಮಿಲಿಮೀಟರಿನ ನೂರರ ಒಂದು ಪಾಲಿಗಿಂತಲೂ ಕಡಿಮೆ. ಐದು ಡಿಗ್ರಿ ಸರಿದರೂ 0.2 ಮಿ.ಮೀ. ಮುಟ್ಟುವುದಿಲ್ಲ. ಇದಕ್ಕೆ ಹಳೆಯ, ನಂಬಲರ್ಹವಾದ ಉಪಾಯ ಪಿಸ್ಟನ್ ಸ್ಟಾಪ್. ಕೆಟ್ಟ ಪ್ಲಗ್ಗೊಂದರ ಪಿಂಗಾಣಿಯನ್ನು ಒಡೆದು ತೆಗೆದು, ಖಾಲಿಯಾದ ಉಕ್ಕಿನ ಚಿಪ್ಪಿನೊಳಗೆ ತಿರುಪಿನ ಮರೆ ಕೊರೆದು ಒಂದು ಉದ್ದನೆಯ ಬೋಲ್ಟ್ ಕೂರಿಸಿ, ಅದರ ತುದಿಯನ್ನು ಪಿಸ್ಟನ್ನಿಗೆ ಗಾಯವಾಗದಂತೆ ಗುಂಡಗೆ ಅರೆದುಕೊಂಡೆವು.

ಮುಂಚಕ್ರವೊಂದನ್ನು ಬಿಚ್ಚಿ, ಪುಲ್ಲಿ ಕಾಣುವಂತೆ ಮಾಡಿಕೊಂಡು, ಬ್ಯಾಟರಿಯ ಸಂಪರ್ಕ ತೆಗೆದು, ಮೂರೂ ಪ್ಲಗ್ಗುಗಳನ್ನು ಹೊರತೆಗೆದು, ಒಂದನೇ ಸಿಲಿಂಡರಿಗೆ ಈ ಸ್ಟಾಪನ್ನು ತಿರುಚಿದೆವು. ಕ್ರ್ಯಾಂಕನ್ನು ಪಾನಾದಿಂದ ಮೆಲ್ಲನೆ ತಿರುಗಿಸಿದಾಗ ಪಿಸ್ಟನ್ ಬೋಲ್ಟಿಗೆ ತಾಗಿ ನಿಂತಿತು. ಕವರಿಗೆ ಕಟ್ಟಿದ ತಂತಿಯ ಮೊನೆಗೆ ಎದುರಾಗಿ ಪುಲ್ಲಿಯ ಮೇಲೆ ಒಂದು ಗೆರೆ. ಹಿಮ್ಮುಖವಾಗಿ ತಿರುಗಿಸಿದಾಗ ಆ ಬದಿಯಿಂದ ಬಂದು ಅದೇ ಎತ್ತರದಲ್ಲಿ ನಿಂತಿತು, ಎರಡನೇ ಗೆರೆ. ಎರಡೂ ಕಡೆ ಪಿಸ್ಟನ್ ಒಂದೇ ಎತ್ತರದಲ್ಲಿದ್ದುದರಿಂದ ನಿಜವಾದ ತುದಿ ಆ ಎರಡರ ನಟ್ಟನಡುವೆ ಇರಲೇಬೇಕು. ನೋಟ್‌ಬುಕ್ಕಿನ ಅಂಚಿನಿಂದ ಸೀಳಿದ ಕಾಗದದ ಪಟ್ಟಿಯನ್ನು ಪುಲ್ಲಿಯ ಅಂಚಿಗೆ ಸುತ್ತಿ, ಎರಡು ಗೆರೆಗಳನ್ನೂ ಅದರ ಮೇಲೆ ಗುರುತಿಸಿ, ಗೆರೆಗೆ ಗೆರೆ ಕೂಡುವಂತೆ ಮಡಚಿದೆವು. ಮಡಿಕೆ ಬಿದ್ದಲ್ಲಿ ಸೊನ್ನೆ. ಪುಲ್ಲಿಯ ಮೇಲೆ ಅಲ್ಲಿಗೆ ಹೊಸ ಗೆರೆ ಕೊರೆದು, ಅದನ್ನು ತಂತಿಯ ಮೊನೆಗೆ ಎದುರಾಗಿ ನಿಲ್ಲಿಸಿ ಹಳೆಯ ಕಚ್ಚಿನತ್ತ ನೋಡಿದರೆ, ಅದು ಕವರಿನ ಸೊನ್ನೆಗೆರೆಯಿಂದ 4 ಮಿ.ಮೀ.ಗಿಂತ ತುಸು ಹೆಚ್ಚೇ ಸರಿದಿತ್ತು.

ನಮ್ಮ ಪುಲ್ಲಿಯ ವ್ಯಾಸ 120 ಮಿ.ಮೀ., ಸುತ್ತಳತೆ 377 ಮಿ.ಮೀ.; 360ರಿಂದ ಭಾಗಿಸಿದರೆ ಅಂಚಿನಲ್ಲಿ ಒಂದು ಡಿಗ್ರಿಗೆ 1.05 ಮಿ.ಮೀ. ಹಾಗಾದರೆ ಕವರಿನ ಗೆರೆಗಳು ಹೇಳುತ್ತಿದ್ದುದು ನಿಜಕ್ಕಿಂತ 4 ಡಿಗ್ರಿ ಕಡಿಮೆ. ನಾನು 32 ಎಂದುಕೊಂಡದ್ದು 36 ಆಗಿತ್ತು. ಧೈರ್ಯ ಮಾಡಿ 36ಕ್ಕೆ ಏರಿಸಿದ್ದು 40. ಪಂಪಿನ ಪೆಟ್ರೋಲ್ ಅದನ್ನು ಸದ್ದು ಮಾಡಿ ತಿಳಿಸಿತ್ತು, ದುಬಾರಿ ಪೆಟ್ರೋಲ್ ಆ ಬಾಯಿಯನ್ನು ಮುಚ್ಚಿಸಿತ್ತು.

ಸೊನ್ನೆ ಸಿಕ್ಕ ಮೇಲೆ ಅದೇ ಲೆಕ್ಕದಿಂದ ಪುಲ್ಲಿಗೆ 10, 20, 30, 40 ಡಿಗ್ರಿಯ ಬಿಳಿ ಗೆರೆಗಳನ್ನು ಎಳೆದು, ಡಿಸ್ಟ್ರಿಬ್ಯೂಟರಿನ ಕಡೆ ಹೊರಳಿದೆವು. ಅದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿಯ ಒಂದು ಡಿಗ್ರಿ ಕ್ರ್ಯಾಂಕಿನ ಎರಡು ಡಿಗ್ರಿಗೆ ಸಮ. ನಮ್ಮದರ ಕಾಲರಿನ ವ್ಯಾಸ 70 ಮಿ.ಮೀ.; ಅಂಚಿನಲ್ಲಿ 0.6 ಮಿ.ಮೀ. ಸರಿಸಿದರೆ ಟೈಮಿಂಗ್ ಎರಡು ಡಿಗ್ರಿ ಬದಲಾಗುತ್ತದೆ. ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ ಅಂದಾಜಿನ ಮೇಲೆ "ಸ್ವಲ್ಪ" ತಿರುಗಿಸುವುದು ಎಂಥ ಜೂಜೆಂದು ಈ ಲೆಕ್ಕ ಮಾಡಿದ ಮೇಲೆಯೇ ನನಗೆ ಮನದಟ್ಟಾದದ್ದು. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತಗೊಳಿಸುವ ಒಳಗಿನ ಗವರ್ನರ್ ತೂಕಗಳ ಸ್ಪ್ರಿಂಗ್ ಒಂದು ತುಕ್ಕು ಹಿಡಿದು ಬಿಗಿದಿತ್ತು, ಅದನ್ನು ಬದಲಿಸಿ ಪಿನ್ನುಗಳಿಗೆ ತೆಳುವಾಗಿ ಗ್ರೀಸ್ ಸವರಿದೆವು. ಲೈಟಿನ ಮಿನುಗಿನಲ್ಲಿ ಗೆರೆ ಅತ್ತಿತ್ತ ಮೂರು ಡಿಗ್ರಿಯಷ್ಟು ನಡುಗುತ್ತಿದ್ದುದಕ್ಕೆ ಶಾಫ್ಟಿನ ಬುಷ್ ಸವೆದದ್ದೇ ಕಾರಣವಾಗಿತ್ತು. ಹೊಸ ಬುಷ್ ಹಾಕಿಸಿದ ಮೇಲೆ ಗೆರೆ ನಿಂತಿತು. ಗೆರೆ ನಡುಗುವ ಡಿಸ್ಟ್ರಿಬ್ಯೂಟರಿನಲ್ಲಿ ಒಂದೆರಡು ಡಿಗ್ರಿಯ ಸೂಕ್ಷ್ಮವನ್ನು ಹುಡುಕುವುದು ವ್ಯರ್ಥ. ಎಂಜಿನ್ನಿನ ಹೀರುವಿಕೆಯಿಂದ ನಡೆಯುವ ವ್ಯಾಕ್ಯೂಮ್ ಅಡ್ವಾನ್ಸಿನ ಹೋಸನ್ನು ಕಳಚಿ ಬಾಯಿಗೆ ಬಿರಡೆ ಹಾಕಿಯೇ ಅಳತೆ ಮಾಡಿದೆವು. ತೂಕಗಳು ಕೊಡುವ ಅಡ್ವಾನ್ಸ್ ಕ್ರ್ಯಾಂಕಿನ ಲೆಕ್ಕದಲ್ಲಿ 22 ಡಿಗ್ರಿ ಬಂತು, 3,000 ಆರ್‌ಪಿಎಂ ಹೊತ್ತಿಗೆ ಪೂರ್ತಿಯಾಗುತ್ತಿತ್ತು. ಐಡ್ಲಿಂಗಿನಲ್ಲಿ 10 ಇಟ್ಟರೆ ಒಟ್ಟು 32.

ಟೈಮಿಂಗಿಗೂ ಮೊದಲು ಮಿಶ್ರಣವನ್ನು ಸರಿಪಡಿಸಬೇಕು. ನಾವು ತಂದ ರೇಸಿಂಗ್ ಪೆಟ್ರೋಲಿನಲ್ಲಿ ಎಥನಾಲ್ ಇರಲಿಲ್ಲ. ಪೂರ್ತಿ ಉರಿಯಲು ಪೆಟ್ರೋಲಿಗೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು. ಆದ್ದರಿಂದ ಇ20ಗೆ ಹೊಂದಿಸಿದ ಜೆಟ್ಟಿನಲ್ಲಿ, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದಲ್ಲಿ, ಎಥನಾಲಿಲ್ಲದ ಪೆಟ್ರೋಲ್ ಹರಿದರೆ ಮಿಶ್ರಣ ಗಟ್ಟಿಯಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಮುಖ್ಯ ಜೆಟ್ಟನ್ನು ಒಂದು ಅಂಕ ಕಿರಿದು ಮಾಡಿದೆವು. ಮಿಶ್ರಣ ತಪ್ಪಾಗಿರುವಾಗ ಉರಿ ನಿಧಾನವಾಗಿ, ಎಂಜಿನ್ ಹೆಚ್ಚು ಅಡ್ವಾನ್ಸ್ ಬೇಡುತ್ತಿರುವಂತೆ ತೋರುತ್ತದೆ. ಅದನ್ನು ನಂಬಿ ಏರಿಸಿಬಿಟ್ಟರೆ ಮುಂದೆ ಜೆಟ್ ಸರಿಪಡಿಸಿದ ದಿನ ಪಿಸ್ಟನ್ ದಂಡ ತೆರುತ್ತದೆ.

ಮೂರನೇ ಭಾನುವಾರ ಮೂಡುಬಿದಿರೆ ಕಡೆಯ ಪರಿಚಿತರೊಬ್ಬರ ಖಾಸಗಿ ಬಯಲಿಗೆ ಕಾರನ್ನು ಒಯ್ದೆವು. ಮುರಕಲ್ಲಿನ ಸಮತಟ್ಟು ನೆಲ, ಇನ್ನೂರು ಮೀಟರಿಗಿಂತ ಹೆಚ್ಚು ನೇರ ಓಟ. ಎಂಜಿನ್ನಿನ ಶಕ್ತಿ ಅಳೆಯುವ ಡೈನೋ ಯಂತ್ರ ಇಲ್ಲದವರಿಗೆ ಗಡಿಯಾರವೇ ಡೈನೋ: ಮೂರನೇ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಟ್ಯಾಕೋಮೀಟರ್ 3,000ದಿಂದ 5,500 ತಲುಪುವ ಅವಧಿಯನ್ನು ಮೊಬೈಲಿನ ವಿಡಿಯೋದಲ್ಲಿ ಫ್ರೇಮ್ ಎಣಿಸಿ ಲೆಕ್ಕ ಹಾಕಿದೆವು. ಪ್ರತಿ ಓಟಕ್ಕೂ ಮೊದಲು ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾದು, ಒಂದೊಂದು ಟೈಮಿಂಗಿಗೆ ಎರಡೂ ದಿಕ್ಕಿನಲ್ಲಿ ಎರಡೆರಡು ಬಾರಿ ಓಡಿಸಿ ಸರಾಸರಿ ತೆಗೆದೆವು. ಎಲ್ಲವೂ ಈಗ ನಿಜವಾದ ಡಿಗ್ರಿಗಳು. ರೇಸಿಂಗ್ ಪೆಟ್ರೋಲಿನಲ್ಲಿ ಒಟ್ಟು 28 ಇದ್ದಾಗ 5.8 ಸೆಕೆಂಡು, 30ಕ್ಕೆ 5.5, 32ಕ್ಕೆ 5.4, 34ಕ್ಕೂ 5.4, 36ಕ್ಕೆ 5.5, 38ಕ್ಕೆ 5.7. ಒಂದೇ ಟೈಮಿಂಗಿನ ನಾಲ್ಕು ಓಟಗಳ ನಡುವೆಯೇ 0.1 ಸೆಕೆಂಡಿನ ವ್ಯತ್ಯಾಸ ಬರುತ್ತಿದ್ದುದರಿಂದ 30ರಿಂದ 36ರವರೆಗಿನದನ್ನು ಒಂದು ಚಪ್ಪಟೆ ಗುಡ್ಡದ ನೆತ್ತಿ ಎಂದಷ್ಟೇ ಹೇಳಬಹುದು. ಆಚೀಚೆ ಇಳಿಜಾರು ಇರುವುದು ಮಾತ್ರ ಖಂಡಿತ. ಮೊದಲ ವಾರ ನಾನು ಓಡಿಸಿದ 40 ಡಿಗ್ರಿ ಆ ಇಳಿಜಾರಿನಲ್ಲಿ ಇನ್ನೂ ಕೆಳಗಿತ್ತು.

ಪಂಪಿನ ಪೆಟ್ರೋಲ್ ಮತ್ತು ಅದರ ಜೆಟ್ ಹಾಕಿ ಅದೇ ದಿನ ನೋಡಿದಾಗ 30ರಲ್ಲಿ ಸದ್ದಿರಲಿಲ್ಲ, ಬಿಸಿಯಾದ ಮೇಲೆ 32ರಲ್ಲಿ ಆಗೊಮ್ಮೆ ಈಗೊಮ್ಮೆ ಕೇಳಿತು, 34ರಲ್ಲಿ ಸ್ಪಷ್ಟವಾಗಿತ್ತು. ಹಾಗಾದರೆ ಬೆಂಗಳೂರಿನಿಂದ ಹೊತ್ತು ತಂದ ಪೆಟ್ರೋಲ್ ಈ ಎಂಜಿನ್ನಿಗೆ ಗಳಿಸಿಕೊಟ್ಟದ್ದು ಎರಡು ಡಿಗ್ರಿ, ಗಡಿಯಾರದಲ್ಲಿ ಹೆಚ್ಚೆಂದರೆ ಹತ್ತರಲ್ಲೊಂದು ಸೆಕೆಂಡು. ಇನ್ನೂ ಹೆಚ್ಚು ಕಂಪ್ರೆಷನ್ ಇದ್ದಿದ್ದರೆ ಲಾಭ ದೊಡ್ಡದಿರುತ್ತಿತ್ತು. ಆದರೂ ನಾನು ಸ್ಪರ್ಧೆಗೆ ಅದನ್ನೇ ಹಾಕುತ್ತೇನೆ, ಏಕೆಂದರೆ ಏಪ್ರಿಲ್ ಬಿಸಿಲಿನಲ್ಲಿ, ರೇಡಿಯೇಟರಿಗೆ ಕೆಂಪು ಧೂಳು ಮೆತ್ತಿಕೊಂಡ ಮೇಲೆ, 32ರಲ್ಲಿ ಪಂಪಿನ ಪೆಟ್ರೋಲ್ ತಡೆದುಕೊಳ್ಳುವುದೆಂಬ ಭರವಸೆ ನನಗಿಲ್ಲ. ಗುಡ್ಡದ ನೆತ್ತಿಯಲ್ಲಿ 34ಕ್ಕೂ ಅದೇ ಸಮಯ ಬಂದಿರುವಾಗ 32ರಲ್ಲಿ ನಿಲ್ಲಿಸಿದ್ದೂ ಅದಕ್ಕಾಗಿಯೇ: ಒಂದೇ ಫಲ ಕೊಡುವ ಎರಡು ಜಾಗಗಳಲ್ಲಿ ಕಡಿಮೆ ಅಡ್ವಾನ್ಸ್ ಇರುವುದನ್ನು ಹಿಡಿಯಬೇಕು.

ಕೊನೆಯ ಓಟದಲ್ಲಿ ಪೂರ್ತಿ ವೇಗದಲ್ಲಿರುವಾಗಲೇ ಇಗ್ನಿಷನ್ ಆಫ್ ಮಾಡಿ, ಕ್ಲಚ್ ಒತ್ತಿ ಕಾರು ನಿಲ್ಲಿಸಿ, ಹೊಸದಾಗಿ ಹಾಕಿದ್ದ ಪ್ಲಗ್ಗುಗಳನ್ನು ಬಿಚ್ಚಿದೆವು. ಪಿಂಗಾಣಿಯಲ್ಲಿ ಚುಕ್ಕೆಗಳಿರಲಿಲ್ಲ. ಬಾಗಿದ ಲೋಹದ ಕೊಕ್ಕೆಯ ಮೇಲೆ ಬಿಸಿಯಿಂದ ಬಣ್ಣ ಬದಲಾದ ಗೆರೆ ಬಾಗಿನ ಹತ್ತಿರವೇ ನಿಂತಿತ್ತು. ಅದು ಕೊಕ್ಕೆಯ ತುದಿಯಲ್ಲಿದ್ದರೆ ಕಿಡಿ ತಡವಾಯಿತೆಂದೂ, ಬುಡಕ್ಕೆ ಇಳಿದಿದ್ದರೆ ಅತಿ ಮುಂಚೆಯಾಯಿತೆಂದೂ ಓದುವುದು ವಾಡಿಕೆ. ಮಿಸ್ತ್ರಿಯವರು ಮೂರನ್ನೂ ಸಾಲಾಗಿ ಬಾನೆಟ್ಟಿನ ಮೇಲಿಟ್ಟು ನೋಡಿ, ಏನೂ ಹೇಳದೆ ಬೀಡಿ ಹಚ್ಚಲು ಪೆಟ್ರೋಲ್ ಕ್ಯಾನಿನಿಂದ ದೂರ ನಡೆದರು.

ಘಟ್ಟದ ಮೇಲಕ್ಕೆ ಹೋದರೆ ಈ ಅಂಕಿ ಬದಲಾಗುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ನಮ್ಮ ಕಡಲ ತೀರಕ್ಕಿಂತ ಶೇಕಡಾ ಹತ್ತಕ್ಕೂ ಹೆಚ್ಚು ಕಡಿಮೆ. ಸಿಲಿಂಡರ್ ಅಷ್ಟು ಕಡಿಮೆ ತುಂಬುವುದರಿಂದ ನಾಕಿಂಗ್ ಭಯ ತಗ್ಗಿ, ಉರಿಯೂ ನಿಧಾನವಾಗಿ, ಎಂಜಿನ್ ಒಂದೆರಡು ಡಿಗ್ರಿ ಹೆಚ್ಚು ಕೇಳಬಹುದು. ಅಲ್ಲಿಗೆ ಹೋದಾಗ ಗಡಿಯಾರ ಹಿಡಿದೇ ನೋಡುವೆ.

ಕ್ಯಾನಿನಲ್ಲಿ ಇನ್ನೂ ಆರು ಲೀಟರ್ ಉಳಿದಿದೆ; ಹಗುರವಾದ ಅಂಶಗಳು ಹಾರಿಹೋಗದಂತೆ ಮುಚ್ಚಳ ಬಿಗಿದು ಶೆಡ್ಡಿನ ತಂಪು ಬದಿಯಲ್ಲಿ ಇಟ್ಟಿದ್ದೇನೆ. ಡಿಸ್ಟ್ರಿಬ್ಯೂಟರಿನ ಕಾಲರಿಗೆ ಹೆಂಡತಿಯ ಉಗುರುಬಣ್ಣದಿಂದ ಎರಡು ಸಣ್ಣ ಗೆರೆ ಎಳೆದಿದ್ದೇನೆ: ಕೆಂಪು ರೇಸಿಂಗ್ ಪೆಟ್ರೋಲಿಗೆ, ಬಿಳಿ ಪಂಪಿನ ಪೆಟ್ರೋಲಿಗೆ. ಅವುಗಳ ನಡುವಿನ ಅಂತರ 0.6 ಮಿ.ಮೀ. ಮಾತ್ರ ಇರುವುದರಿಂದ ಸೂಜಿಯ ಮೊನೆಯಿಂದ ಎಳೆಯಬೇಕಾಯಿತು, ಮೊದಲ ಸಲ ಎರಡೂ ಒಂದಕ್ಕೊಂದು ಹರಡಿಕೊಂಡು ಒರೆಸಿ ಮತ್ತೆ ಹಚ್ಚಬೇಕಾಯಿತು.